ಸೌಗಂಧಿಗೆ ಕಿಟಕಿ ಸೀಟು ಸಿಕ್ಕ ಕತೆ

ಸುಳ್ಳು ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳನ್ನು ನೆಟ್ಟಗೆ ಹೇಳಲು ಬಾರದವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಕತೆಯಲ್ಲಿ ದೆವ್ವ ಬರಲಿ, ಸತ್ತವಳು ಎದ್ದು ಬರಲಿ, ನಾನು ನಂಬಲು ಸಿದ್ಧ. ಆದರೆ ಬೆಳಗಿನ ಒಂಬತ್ತು ಗಂಟೆಗೆ ಡೊಂಬಿವಲಿಯಲ್ಲಿ ಕಿಕ್ಕಿರಿದ ಲೋಕಲ್ ರೈಲು ಹತ್ತಿದ ಹೆಂಗಸಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು ಎಂದರೆ, ಕ್ಷಮಿಸಿ, ಅಲ್ಲಿಗೆ ನನ್ನ ನಂಬಿಕೆ ಮುಗಿಯಿತು.

ಹಾಗೆ ಸೀಟು ಸಿಕ್ಕಿತೆಂದು ಬರೆದವಳು ಬೇರೆ ಯಾರೂ ಅಲ್ಲ, ಠಾಣೆ ಊರಿನ ವರ್ತಕ ನಗರದಲ್ಲಿರುವ ನನ್ನ ನಾದಿನಿ ಪ್ರಫುಲ್ಲಾ. ನಾವೆಲ್ಲ ನೋಡುತ್ತಿದ್ದ ಧಾರಾವಾಹಿಯೊಂದು ನಾಯಕಿ ಸೌಗಂಧಿಯನ್ನೂ ಅವಳ ಗಂಡ ವಿಹಾನನನ್ನೂ ಬೇರೆ ಮಾಡಿ ಇದ್ದಕ್ಕಿದ್ದಂತೆ ನಿಂತುಹೋಯಿತು. ನಮ್ಮ ಕನ್ನಡ ಹೆಂಗಸರ ವಾಟ್ಸಾಪ್ ಗುಂಪು ಸೂತಕದಲ್ಲಿ ಕೂತಿದ್ದಾಗ ಪ್ರಫುಲ್ಲಾ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದಿನ ಕತೆ ತಾನೇ ಬರೆಯತೊಡಗಿದಳು. ಇಬ್ಬರನ್ನೂ ಬೆಂಗಳೂರಿನಿಂದ ಎತ್ತಿ ನಮ್ಮ ಕಡೆಗೆ ತಂದಳು. ಧಾರಾವಾಹಿಯುದ್ದಕ್ಕೂ ಸೊಸೆಯ ಸಂಸಾರಕ್ಕೆ ಹುಳಿ ಹಿಂಡಿದ ಅತ್ತೆ ಇವಳ ಎರಡನೆಯ ಕಂತಿನಲ್ಲಿ ಏನೂ ಕಾರಣವಿಲ್ಲದೆ ಹಸುವಿನಷ್ಟು ಸಾಧುವಾದಳು. ವಿಹಾನನಿಗೆ ರಬಾಳೆಯಲ್ಲಿ ಕಾರ್ಖಾನೆ. ಅಲ್ಲಿ ಏನು ತಯಾರಾಗುತ್ತದೆಂದು ಅವನಿಗೂ ಗೊತ್ತಿಲ್ಲ, ಲೇಖಕಿಗೂ ಗೊತ್ತಿಲ್ಲ. ಕಲಬುರಗಿಯಿಂದ ಬಂದ ಲೋಡಿಂಗ್ ಕೆಲಸದವರು ಅಲ್ಲಿ "ಒಡೆಯರೇ, ತಮ್ಮ ವದನವೇಕೆ ಬಾಡಿದೆ?" ಎನ್ನುತ್ತಾರೆ. ಒಂದು ಫೋನಿನಲ್ಲಿ ಮುಗಿಯುವ ಅನುಮಾನವನ್ನು ಗಂಡಹೆಂಡಿರು ತಿಂಗಳುಗಟ್ಟಲೆ ಸಾಕುತ್ತಾರೆ, ಇಬ್ಬರ ಕೈಯಲ್ಲೂ ಮೊಬೈಲಿದೆ. ಇದು ಸಾಲದೆಂದು ಧಾರಾವಾಹಿಯಲ್ಲಿ ಇಲ್ಲದ ಗೆಳತಿಯೊಬ್ಬಳು ಬಂದಳು: ಬೆಳ್ಳಗೆ, ತೆಳ್ಳಗೆ, ಆರು ಭಾಷೆ ಬಲ್ಲವಳು, ಅಡುಗೆಯಲ್ಲಿ ಅನ್ನಪೂರ್ಣೆ, ಊರಿನವರೆಲ್ಲ ಅವಳ ಸಲಹೆ ಕೇಳುವವರೇ. ಹೆಸರು ಪ್ರಫುಲ್ಲಿತಾ. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕುವ ಕೈ ಯಾರದೆಂದು ಬಲ್ಲ ನಾನು ಅದನ್ನೂ ನುಂಗಿಕೊಂಡೆ.

ಕಿಟಕಿ ಸೀಟನ್ನು ಮಾತ್ರ ನುಂಗಲಾಗಲಿಲ್ಲ. ಗಂಡನನ್ನು ಸೇರಲು ಸೌಗಂಧಿ ಡೊಂಬಿವಲಿಯಿಂದ ಅವನ ಮನೆಯಿರುವ ಬೇಲಾಪುರಕ್ಕೆ ಹೊರಟಿದ್ದಳು. ಅದು ನಾನು ದಿನಾ ಆಫೀಸಿಗೆ ಹೋಗುವ ದಾರಿ. ಸೀಟು ಬೇಕೆಂದರೆ ನಾವು ಮೊದಲು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ತಿರುಗುವ ಅದೇ ಗಾಡಿಯಲ್ಲಿ ಅಲುಗಾಡದೆ ಕೂತು ವಾಪಸು ಬರುತ್ತೇವೆ. ಇವಳೋ ತಲೆತುಂಬ ಮಲ್ಲಿಗೆ ಮುಡಿದು ಹತ್ತಿದಳು, ಕೂತಳು, ಠಾಣೆಯಲ್ಲಿ ಗಾಡಿ ಬದಲಿಸುವ ಗೊಡವೆಯೂ ಇಲ್ಲದೆ ಬೇಲಾಪುರದಲ್ಲಿ ಇಳಿಯಲಿದ್ದಳು. ತಪ್ಪುಗಳನ್ನೆಲ್ಲ ಗುಂಪಿನಲ್ಲೇ ಬರೆದು ಹಾಕಿದೆ.

ಪ್ರಫುಲ್ಲಾ ಫೋನು ಮಾಡಿದಳು. "ವೈನಿ, ನೀವು ಕತಿ ಓದ್ತೀರೋ, ಟಿಕೆಟ್ ಚೆಕ್ ಮಾಡ್ತೀರೋ? ಇನ್ನ ನಾ ಬರಿಯಂಗಿಲ್ಲ." ಬರೆಯಲೂ ಇಲ್ಲ. ಸೌಗಂಧಿ ರೈಲಿನಲ್ಲೇ ಉಳಿದಳು. ಮಂಗಳೂರಿನ ಶಾರದಕ್ಕ ಗುಂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರು: "ಎಂತ ಮಾರಾಯ್ರೆ, ನಿಮ್ಮ ಹುಳುಕು ಹುಡುಕುವ ಬುದ್ಧಿಗೆ ಆ ಹುಡುಗಿಗೆ ಗಂಡ ಸಿಗದ ಹಾಗಾಯ್ತಲ್ಲ!" ಮರುದಿನ ನನ್ನ ಗುಡ್ ಮಾರ್ನಿಂಗಿಗೆ ಯಾರೂ ಉತ್ತರ ಕೊಡಲಿಲ್ಲ. ನಿಜ ಹೇಳುತ್ತೇನೆ, ಅವರಿಬ್ಬರು ಸೇರುತ್ತಾರೋ ಇಲ್ಲವೋ ಎಂದು ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವಳು ನಾನೇ.

ಕೊನೆಗೆ ನಾನೇ ಬರೆದೆ, ಒಂದೂ ತಪ್ಪಿಲ್ಲದೆ. ಸೌಗಂಧಿಗೆ ಮೊದಲ ಗಾಡಿ ಹತ್ತಲಾಗಲಿಲ್ಲ. ಎರಡನೆಯದರಲ್ಲಿ ಠಾಣೆ ಬಂದಾಗ ಇಳಿಯಲಾಗದೆ ಮುಂದಿನ ಸ್ಟೇಷನ್ ಮುಲುಂಡಿಗೆ ಹೋಗಿ ವಾಪಸಾದಳು. ಮಲ್ಲಿಗೆ ಯಾರದೋ ಬ್ಯಾಗಿಗೆ ಸಿಕ್ಕಿ ಹೋಯಿತು. ಬೆವರಿಳಿಸುತ್ತ ಬೇಲಾಪುರ ಮುಟ್ಟಿ, ಗಂಡನನ್ನು ಕಂಡವಳೇ "ಕುಡಿಯಲು ನೀರು" ಎಂದಳು. ವಿಹಾನ ಮೊಬೈಲಿನಿಂದ ತಲೆಯೆತ್ತದೆ "ಅಲ್ಲೇ ಇದೆ, ತಗೋ" ಎಂದ.

ಗುಂಪಿಗೆ ಹಾಕುವ ಮುನ್ನ ಪ್ರಫುಲ್ಲಾಳಿಗೆ ಕಳಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಫೋನಿನಲ್ಲಿ ಅವಳ ದನಿ ಮೆತ್ತಗಿತ್ತು.

"ಎಲ್ಲಾ ಖರೇನ ಅದ ವೈನಿ. ಆದ್ರ ಹಿಂಗಿದ್ರ, ಅಕಿ ಅವನ ಕಡೆ ಯಾಕ ಹೋಗಬೇಕು?"

ಉತ್ತರಕ್ಕಾಗಿ ಸೋಫಾದ ಮೇಲಿದ್ದ ಅವಳ ಅಣ್ಣನ ಕಡೆ ನೋಡಿದೆ. ಮುಖ ಕಾಣಲಿಲ್ಲ, ಮೊಬೈಲು ಅಡ್ಡವಿತ್ತು.

"ನೀನ ಬರಿ ನಮ್ಮವ್ವಾ," ಎಂದೆ. "ಅಕಿಗೆ ಕಿಟಕಿ ಸೀಟೂ ಇರ್ಲಿ, ಬೇಕಾದ್ರ ಡೊಂಬಿವಲಿಗೆ ಇಲ್ಲದ ಸಮುದ್ರಾನೂ ತಂದು ಹಾಕು."