ಗುಳಿಗಿ ಬಿಡಂಗಿಲ್ಲ

ಟಿಬಿ ವಿಭಾಗದಲ್ಲಿ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೆಮ್ಮುತ್ತಾ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತವೆ.

ನಾನು ಧಾರವಾಡದ ಕಡೆಯವಳು, ಮದುವೆಯಾಗಿ ಮುಲುಂಡಿಗೆ ಬಂದವಳು. ಗ್ರಾಂಟ್ ರೋಡ್ ಹತ್ತಿರ ಒಂದು ಹೆಲ್ತ್ ಪೋಸ್ಟಿನಲ್ಲಿ ನೌಕರಿ. ರೋಗಿಗಳು ದಿನಾ ಗುಳಿಗಿ ನುಂಗಿದರೋ ಇಲ್ಲವೋ ನೋಡುವುದೇ ನನ್ನ ಕೆಲಸ. ಮಾತ್ರೆಗೆ ನಮ್ಮ ಕಡೆ ಗುಳಿಗಿ ಅಂತೀವಿ. ಅರ್ಧ ಆಯುಷ್ಯ ಲೋಕಲ್‌ನಲ್ಲಿ ಹೋಗಿದೆ, ಅದರಲ್ಲಿ ಅರ್ಧ ಕನಸಿನಲ್ಲಿ. ಕಿಟಕಿ ಸಿಕ್ಕರೆ ಸಾಕು, ಕಣ್ಣು ತೆರೆದುಕೊಂಡೇ ಎಲ್ಲೋ ಹೋಗಿಬಿಡುತ್ತೇನೆ. ದಾದರ್‌ನಲ್ಲಿ ಇಳಿದು ಗಾಡಿ ಬದಲಿಸಬೇಕಾದವಳು ಎಷ್ಟೋ ಸಲ ಪರೇಲಿನಲ್ಲಿ ಎಚ್ಚರಾಗಿದ್ದೇನೆ. ಇಂಥವಳ ಕೈಗೆ ಒಬ್ಬ ಸಿಕ್ಕಿದ, ಉಡುಪಿ ಹೋಟೆಲಿನ ದೋಸೆ ಅಣ್ಣ. ಇದೆಲ್ಲ ಅವನದೇ ಪುರಾಣ.

ಡಬ್ಬಿಯಲ್ಲಿ ಬಂದದ್ದು

ಮೂರು ವಾರದಿಂದ ಕೆಮ್ಮು ಅಂತ ಅವನ ಹೋಟೆಲಿನ ಸೇಟ್ರು ಹೇಳಿಕಳಿಸಿದರು. ನಾನು ಒಂದು ಪುಟ್ಟ ಡಬ್ಬಿ ಕೊಟ್ಟು ಕಳಿಸಿ ಅಣ್ಣನಿಗೆ ಫೋನ್ ಮಾಡಿದೆ. ಆ ಕಡೆ ಅಡುಗೆಮನೆಯ ಗದ್ದಲ, ದೋಸೆ ಚುಂಯ್ ಅನ್ನುವ ಸದ್ದು.

"ತಮ್ಮಾ, ನಾಳೆ ಮುಂಜಾನೆ ಎದ್ದ ಕೂಡ್ಲೆ ಡಬ್ಬ್ಯಾಗ ಕಫ ತಗೊಂಡು ಬಾ. ಗಟ್ಟಿ ಇರಬೇಕು ನೋಡು, ನೀರು ನೀರು ನಡೆಯಂಗಿಲ್ಲ."

"ಆಯ್ತು ಮೇಡಂ, ಅದು ನಮಗೆ ಹೇಳಿಕೊಡಬೇಕಾ?" ಅಂದ.

ಮರುದಿನ ಅಣ್ಣ ದೊಡ್ಡ ಸ್ಟೀಲ್ ಡಬ್ಬಿ ಹಿಡಿದು ಬಂದ. ಮುಚ್ಚಳ ತೆಗೆದರೆ ಘಮಘಮ ಕಾಪಿ!

"ನೀವು ಕೊಟ್ಟ ಡಬ್ಬಿ ಎಂತಕ್ಕೂ ಸಾಲುವುದಿಲ್ಲ ಮಾರಾಯ್ರೆ. ಡಿಕಾಕ್ಷನ್ ಜಾಸ್ತಿ ಹಾಕಿದ್ದೇನೆ, ಸಕ್ಕರೆ ಬೇರೆ ಉಂಟು."

ನಮ್ಮ ಲ್ಯಾಬಿನವನು ವರಾಂಡಕ್ಕೆ ಒಯ್ದು ಒಂದು ಲೋಟ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ: "ಈ ಸ್ಯಾಂಪಲ್ ನೆಗೆಟಿವ್."

ಕಿಟಕಿ ಪಕ್ಕದ ಜಾಗ

ನಿಜವಾದ ಸ್ಯಾಂಪಲ್ ಮಾತ್ರ ಪಾಸಿಟಿವ್ ಬಂತು. ಅಣ್ಣ ಕುಸಿದು ಕೂತ. ರೋಗದ ಹೆದರಿಕೆಗಲ್ಲ, ದೋಸೆ ಕಲ್ಲಿನ ಚಿಂತೆಗೆ. ಹನ್ನೆರಡು ವರ್ಷದಿಂದ ಆ ಕಲ್ಲಿನ ಮುಂದೆ ನಿಂತವನು. ಸೇಟ್ರು ಹೇಳಿದ್ದರಂತೆ: "ಪೂರಾ ಗುಣ ಆದ ಕಾಗದ ತಾ, ಕಲ್ಲು ನಿನ್ನದೇ. ಅರ್ಧಕ್ಕೆ ಬಿಟ್ಟೆಯೋ, ಬೇರೆಯವನನ್ನು ನಿಲ್ಲಿಸುತ್ತೇನೆ."

ಹೋಟೆಲಿನ ಮೇಲಿನ ಕೋಣೆಗೆ ಹೋಗಿ ನೋಡಿದೆ. ಎಂಟು ಜನ ಮಲಗುವ ಜಾಗ. ಪಾರಿವಾಳ ಬರುತ್ತವೆ ಅಂತ ಕಿಟಕಿ ಭದ್ರ ಮುಚ್ಚಿದ್ದರು. ಇವನ ತಟ್ಟೆ, ಲೋಟಕ್ಕೆ ಮಾತ್ರ ಕೆಂಪು ದಾರ ಕಟ್ಟಿ ಮೂಲೆಗಿಟ್ಟಿದ್ದರು. ನನಗೆ ಸಿಟ್ಟು ಬಂತು. ಅದೇ ಲೋಟ ತೊಳೆಸಿ, ಅದರಲ್ಲೇ ಚಹಾ ಹಾಕಿಸಿಕೊಂಡು ಎಲ್ಲರೆದುರು ಒಂದು ಗುಟುಕು ಕುಡಿದೆ.

"ಇದು ಲೋಟದಿಂದ ಬರಂಗಿಲ್ಲರೀ, ಗಾಳಿಯಿಂದ ಬರ್ತದ. ಕೆಮ್ಮುವಾಗ ಬಾಯಿ ಮುಚ್ಚಲಿ. ಮೊದಲ ಕಿಟಕಿ ತಗೀರಿ, ಅವನ್ನ ಅದರ ಪಕ್ಕ ಮಲಗಸ್ರಿ."

ಕಿಟಕಿ ತೆಗೆದರು. ಬಿಸಿಲು ನಿಧಾನಕ್ಕೆ ಒಳಗೆ ಬಂತು, ಅದರಲ್ಲಿ ಧೂಳು ತೇಲುತ್ತಿತ್ತು. ನಾನು ನೋಡುತ್ತಾ ನಿಂತೆ. ಈ ಕ್ರಿಮಿಗಳೂ ಪಾಪ ನಮ್ಮ ಹಾಗೆ ಒತ್ತೊತ್ತಾಗಿ ನಿಂತು ಬರುತ್ತವೇನೋ, ಬಾಗಿಲು ತೆರೆದರೆ ಸ್ಟೇಷನ್ ಬಂತು ಅಂತ ಇಳಿದು ಸೇತುವೆಯ ಮೇಲಿಂದ ಎತ್ತಲೋ ಹೋಗುತ್ತವೇನೋ ಅಂತೆಲ್ಲ ಅನ್ನಿಸಿತು. ಚಹಾ ಆರಿಹೋಗಿತ್ತು.

ಉಳಿದ ಏಳೂ ಜನರ ಪರೀಕ್ಷೆ ಮಾಡಿಸಿದೆವು, ಯಾರಿಗೂ ಏನೂ ಇರಲಿಲ್ಲ. ಆದರೂ ಅಲ್ಲಿಂದ ಎರಡೇ ದಿನಕ್ಕೆ ಏಳೂ ಜನ ಕೆಮ್ಮತೊಡಗಿದರು. ಮುಂಬೈಯಲ್ಲಿ ಕಿಟಕಿ ಪಕ್ಕದ ಜಾಗ ಯಾರಿಗೆ ಬೇಡ?

ಬಣ್ಣ

ಗುಳಿಗಿ ಶುರುವಾದ ಮರುದಿನವೇ ಅಣ್ಣ ಓಡಿಬಂದ. ಮುಖ ಬಿಳುಚಿತ್ತು. ಸುತ್ತ ನೋಡಿ, ಬಗ್ಗಿ, ಪಿಸುಗುಟ್ಟಿದ: "ಮೇಡಂ, ಒಳಗೆ ಎಂತದೋ ಒಡೆದಿದೆ. ಒಂದಕ್ಕೆ ಹೋದರೆ ನಮ್ಮ ಹೋಟೆಲಿನ ಶೀರಾದ ಬಣ್ಣ ಬರ್ತಾ ಉಂಟು!"

ತಪ್ಪು ನನ್ನದೇ. ಆ ಗುಳಿಗಿ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಅಂತ ಮೊದಲೇ ಹೇಳಬೇಕಿತ್ತು. ಹೇಳುವ ಹೊತ್ತಿಗೆ ನಾನು ಎಲ್ಲಿದ್ದೆನೋ! ಸಮಾಧಾನ ಮಾಡಿ ಕಳಿಸಿದೆ. ಬಾಗಿಲಲ್ಲಿ ತಿರುಗಿ ನಿಂತ.

"ಮೇಡಂ, ಇದು ನಮ್ಮ ಶೀರಾ ಮಾಡುವ ಭಟ್ಟರಿಗೆ ಹೇಳಬೇಡಿ ಆಯ್ತಾ. ಮತ್ತೆ ಬಣ್ಣ ಹಾಕುವಾಗ ಅವರ ಕೈ ನಡುಗೀತು."

ಭಟ್ಟರಿಗೆ ಹೇಳಲಿಲ್ಲ. ಅಂದಿನಿಂದ ಶೀರಾ ಬಿಟ್ಟವಳು ಮಾತ್ರ ನಾನು.

ದಿನಕ್ಕೆ ಮೂರು

ಎರಡು ತಿಂಗಳಿಗೆ ಜ್ವರ ಹೋಯಿತು, ಗಲ್ಲ ತುಂಬಿತು. ಅಣ್ಣ ಬರುವುದು ನಿಲ್ಲಿಸಿದ. ಫೋನ್ ಮಾಡಿದರೆ, "ಗುಣ ಆಯ್ತಲ್ಲ ಮೇಡಂ" ಅಂದು ಇಟ್ಟುಬಿಟ್ಟ. ನನ್ನ ಜೀವ ಹಾರಿಹೋಯಿತು. ಅರ್ಧಕ್ಕೆ ಬಿಟ್ಟರೆ ಈ ರೋಗ ಹಟಮಾರಿಯಾಗಿ ತಿರುಗಿ ಬರುತ್ತದೆ, ಆಮೇಲೆ ಮಾಮೂಲಿ ಗುಳಿಗಿಗೆ ಬಗ್ಗುವುದಿಲ್ಲ. ಕಲ್ಲೂ ಹೋಯಿತು, ಆರೋಗ್ಯವೂ ಹೋಯಿತು.

ಏನಾದರೂ ಆದರೆ ತಿಳಿಸಿ ಅಂತ ಅವನೇ ತಾಯಿಯ ನಂಬರ್ ಬರೆಸಿದ್ದ. ಊರಿಗೆ ಫೋನ್ ಹಚ್ಚಿದೆ. ಅವರಿಗೆ ಕೆಮ್ಮು ಅಂತಷ್ಟೇ ಗೊತ್ತಿತ್ತು, ರೋಗದ ಹೆಸರು ನಾನೂ ಎತ್ತಲಿಲ್ಲ.

"ಅವ್ವಾರ, ನಿಮ್ಮ ಮಗಗ ಗುಳಿಗಿ ಬಿಡಂಗಿಲ್ಲರೀ."

ತಾಯಿ ಗಾಬರಿಯಿಂದ ಕೇಳಿದರು: "ಬಿಡುವುದಿಲ್ಲವಾ?"

"ಆರು ತಿಂಗಳ ಬಿಡಂಗಿಲ್ಲ. ಅಲಕ್ಷ್ಯ ಮಾಡಿದ್ರ ಮತ್ತ ಮೈಮ್ಯಾಲೆ ಬರ್ತದ, ಮೊದಲಿಗಿಂತ ಜೋರು."

"ಅಯ್ಯೋ ದೇವರೇ! ಎಂತ ಕೊಡಬೇಕು ಮೇಡಂ?"

"ದಿನಕ್ಕ ಮೂರು. ಮುಂಜಾನೆ, ಖಾಲಿ ಹೊಟ್ಟಿಲೆ."

"ದಿನಕ್ಕೆ ಮೂರಾ! ಅಷ್ಟು ಎಲ್ಲಿಂದ ತರುವುದು?"

"ನೀವ್ಯಾಕ ತರ್ತೀರಿ? ಸರ್ಕಾರದವರ ಫುಕಟ್ ಕೊಡ್ತಾರ."

ಅವರ ದನಿ ಸಣ್ಣದಾಯಿತು: "ಸರ್ಕಾರಕ್ಕೂ ಹೆದರಿಕೆ ಉಂಟಾ?"

"ಇರದ ಏನ್ರೀ? ಇಡೀ ದೇಶಕ್ಕ ಹೆದರಿಕಿ ಅದ!"

ಮೂರನೇ ದಿನ ಆ ತಾಯಿ ನಮ್ಮ ಬಾಗಿಲಲ್ಲಿ. ಒಂದು ಕೈಯಲ್ಲಿ ಮಗನ ರಟ್ಟೆ, ಇನ್ನೊಂದರಲ್ಲಿ ಗೋಣಿಚೀಲ. ಚೀಲದಿಂದ ಒಂಬತ್ತು ಎಳನೀರು ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಗುಳಿಗನಿಗೆ ಬೊಂಡ ಮೇಡಂ. ಮೂರು ದಿನದ್ದು ನಾನು ತಂದಿದ್ದೇನೆ. ಉಳಿದದ್ದು ನಿಮ್ಮ ಸರ್ಕಾರ ಕೊಡಲಿ."

ಇದೇನು ಅಂತ ಕೇಳಿದೆ. ಮಗನೇ ತಲೆ ತಗ್ಗಿಸಿ ಬಿಡಿಸಿ ಹೇಳಿದ: ಗುಳಿಗ ಅಂದರೆ ಅವರ ತುಳುನಾಡಿನ ದೈವ, ಬಹಳ ಖಡಕ್. ಅವನು ಮಗನ ಮೈಮೇಲೆ ಬಂದಿದ್ದಾನೆ, ಬಿಡುವುದಿಲ್ಲ ಅಂತ ಮುಂಬೈಯಿಂದ ಸರ್ಕಾರಿ ಮೇಡಂ ಫೋನ್ ಮಾಡಿದ್ದಾರೆ!

ನಗು ಬಂತು, ಆದರೆ ನಗಲಿಲ್ಲ. ಎರಡು ರಾತ್ರಿ ಆ ಜೀವ ಎಷ್ಟು ಒದ್ದಾಡಿತೋ. ಮೂರು ಗುಳಿಗಿ ಅಂಗೈಯಲ್ಲಿಟ್ಟು ತೋರಿಸಿ, ನಮ್ಮ ಕಡೆ ಬಿಡಂಗಿಲ್ಲ ಅಂದರೆ ಬಿಡಬಾರದು ಅಂತ ಎಲ್ಲ ತಿಳಿಸಿ ಹೇಳಿದೆ. ಅವರು ಗುಳಿಗಿ ನೋಡಿದರು, ಮಗನನ್ನು ನೋಡಿದರು.

"ಇದನ್ನಾ ನೀನು ಬಿಟ್ಟದ್ದು? ಕಲ್ಲು ಹೋದರೆ ಏನು ಮಾಡ್ತಿದ್ದೆ?"

ಅಣ್ಣ ಗೊಳೋ ಅಂತ ಅತ್ತು, ಅಲ್ಲೇ ಮೂರನ್ನೂ ನುಂಗಿದ.

ತಾಯಿ ಊರಿಗೆ ಹೋದರು. ಆದರೆ ದಿನಾ ಬೆಳಿಗ್ಗೆ ಮಗನಿಗೆ ಅವರ ಫೋನ್ ಬರುತ್ತಿತ್ತು: "ನುಂಗಿದಿಯಾ? ಇಲ್ಲದಿದ್ದರೆ ಹೇಳ್ತೇನೆ ನೋಡು!" ಯಾರಿಗೆ ಹೇಳುತ್ತಾರೋ ನಾನು ಕೇಳಲಿಲ್ಲ. ಅಷ್ಟರಲ್ಲಿ ಗುಳಿಗಿ ಇಳಿದಿರುತ್ತಿತ್ತು.

ಬಿಟ್ಟ ದಿನಗಳನ್ನೂ ಸೇರಿಸಿ ಪೂರ್ತಿ ಮುಗಿಸಿದ. ಕಫ ಶುದ್ಧ, ಕಾಗದ ಸಿಕ್ಕಿತು. ಅವನು ಮತ್ತೆ ಕಲ್ಲಿನ ಮುಂದೆ ನಿಂತ ದಿನ ತಾಯಿ ಬಂದಿದ್ದರು, ನನ್ನನ್ನೂ ಕರೆದಿದ್ದರು. ಕಲ್ಲಿನ ಮೇಲೆ ನೀರು ಚಿಮುಕಿಸಿದ, ಹಬೆ ಎದ್ದಿತು. ಹಬೆಯ ಆಚೆ ಅವನ ಮುಖ ಕಂಡೂ ಕಾಣದ ಹಾಗೆ ನಗುತ್ತಿತ್ತು. ನಾನು ಮತ್ತೆ ಎಲ್ಲೋ ಹೋಗುವವಳಿದ್ದೆ. ಹೋಗುವ ಮೊದಲು ಸ್ವಲ್ಪ ಜಂಬ ಕೊಚ್ಚಿಕೊಂಡೆ.

"ನೋಡ್ರಿ ಅವ್ವಾರ, ಎಲ್ಲಾ ನಮ್ಮ ಗುಳಿಗಿ ಪುಣ್ಯ."

ಅವರು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿಸಿ ಹೇಳಿದರು:

"ಗುಣ ಮಾಡಿದ್ದು ನಿಮ್ಮ ಗುಳಿಗೆಯೇ ಮೇಡಂ, ಒಪ್ಪಿದೆ. ಆದರೆ ದಿನಾ ಬೆಳಿಗ್ಗೆ ಅದನ್ನು ಇವನ ಗಂಟಲಲ್ಲಿ ಇಳಿಸಿದ್ದು ನಮ್ಮ ಗುಳಿಗ!"