ಸ್ಟೋರ್‌ರೂಮಿನಲ್ಲಿ ಸೆರೆಯಾದ ಸೇನಾಪತಿ

"ನೋಡ್ತಿರು! ಈ ಸಲ ನನ್ನ ಪಾತ್ರಗಳು ಮಾತಾಡಲ್ಲ, ಗರ್ಜಿಸ್ತವೆ!" ಎಂದು ಕಥೆಗಾರರು ಸ್ಟೋರ್‌ರೂಮಿನ ಹೊಸ್ತಿಲಲ್ಲಿ ನಿಂತು ಘೋಷಿಸಿದರು.

ಗರ್ಜಿಸದೆ ಗತಿಯಿರಲಿಲ್ಲ. ಹಿಂದಿನ ಎರಡು ಕಥೆಗಳನ್ನೂ ಸಂಪಾದಕರು "ನಿಮ್ಮ ಪಾತ್ರಗಳು ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತವೆ" ಎಂದು ವಾಪಸು ಅಟ್ಟಿದ್ದರು. ವಿಶೇಷಾಂಕದಲ್ಲಿ ಉಳಿದಿದ್ದು ಒಂದೇ ಜಾಗ, ಗಡುವು ಇವತ್ತು ಸಂಜೆ ಐದು ಗಂಟೆ. ಇದೂ ಕೈತಪ್ಪಿದರೆ, ಕಥೆಗಾರ ಎಂಬ ಬಿರುದನ್ನು ಅಳಿಯಂದಿರು ತಮಗೆ ತಾವೇ ಕೊಟ್ಟುಕೊಂಡಿದ್ದು ಎಂದು ಮಾವನವರಿಗೆ ಖಾತ್ರಿಯಾಗಿಬಿಡುತ್ತಿತ್ತು!

ಕಥೆಗಾರರು ಬಾಯಲ್ಲಿ ಹೇಳುವುದು, ಹೆಂಡತಿ ಟೈಪ್ ಮಾಡುವುದು, ಇದು ಮನೆಯ ಪದ್ಧತಿ. ಆಕೆ ಕಚೇರಿಯಲ್ಲಿ ಹದಿನೆಂಟು ವರ್ಷ ಸಾಹೇಬರ ಕೆಮ್ಮನ್ನೂ ಬಿಡದೆ ಬರೆದುಕೊಂಡ ಸ್ಟೆನೋ.

"ಕಥೆ ಏನ್ರೀ?"

"ನೆಲಮಾಳಿಗೆಯಲ್ಲಿ ಸೆರೆಯಾದ ಸೇನಾಪತಿ! ಅದಕ್ಕೇ ನಾನು ಒಳಗೆ ಚಿಲಕ ಹಾಕ್ಕೊಂಡು ಕತ್ತಲೇಲಿ ಕೂತು ಅನುಭವಿಸಿ ಹೇಳ್ತೀನಿ. ನಾನು ಕೂಗ್ಲಿ, ಅಳ್ಲಿ, ನೀನು ಮಾತ್ರ ಜಾಗ ಬಿಟ್ಟು ಏಳ್ಬೇಡ. ಒಂದಕ್ಷರ ಬಿಡದೆ ಟೈಪ್ ಮಾಡು!"

ಸೇನಾಪತಿ ಅರ್ಧ ಗಂಟೆ ಅಮೋಘವಾಗಿ ಗರ್ಜಿಸಿದ. ಆಮೇಲೆ ಕಥೆಗಾರರಿಗೆ ಬಾಯಾರಿತು. ಚಿಲಕ ಎಳೆದರು. ಚಿಲಕದ ಹಿಡಿ ಕೈಗೆ ಬಂತು, ಚಿಲಕ ಅಲ್ಲೇ ಉಳಿಯಿತು!

"ಲೇ, ಬಾಗಿಲು ತೆಗಿಯೇ!"

ಹೊರಗೆ ಟಕ ಟಕ ಟಕ.

"ನಾನೇ ಹಾಕ್ಕೊಂಡ ಚಿಲಕದಲ್ಲಿ ನಾನೇ ಸಿಕ್ಕಾಕ್ಕೊಂಡಿದೀನಿ ಕಣೇ!"

"ಆಹಾ, ಈಗ ಬಂತು ನೋಡಿ ಜೀವ! ಮುಂದೆ?"

"ಮುಂದೇನು ನನ್ನ ತಲೆ! ಅಯ್ಯಯ್ಯೋ, ಜಿರಳೆ! ಕಾಲ ಮೇಲೆ ಹತ್ತಿದೆ!"

"ರೀ, ಸೇನಾಪತಿ ಜಿರಳೆಗೆ ಹೆದರ್ತಾನಾ?"

"ಹೆದರ್ತಾನೆ! ತುಂಬಾ ಹೆದರ್ತಾನೆ! ಮೊದಲು ಆ ಟೈಪಿಂಗ್ ನಿಲ್ಸು ಮಾರಾಯ್ತಿ!"

"ಮಾರಾಯ್ತಿ... ಇಲ್ಲಿ ಪೂರ್ಣವಿರಾಮವೋ, ಆಶ್ಚರ್ಯಸೂಚಕವೋ?"

ಕಥೆಗಾರರಿಗೆ ನಿಜವಾಗಿಯೂ ಅಳು ಬಂತು. ಅದನ್ನೂ ಆಕೆ "ಬಿಕ್ಕಳಿಸಿ" ಎಂದು ಸೇರಿಸಿಕೊಂಡಳು. ಇಷ್ಟು ವರ್ಷ ಬರೆದರೂ ತಮ್ಮ ಮಾತಿಗೆ ಸಿಗದಿದ್ದ ಪರಿಣಾಮ ಸಿಗಬಾರದ ಹೊತ್ತಿನಲ್ಲಿ ಸಿಗುತ್ತಿದೆಯಲ್ಲ ಎಂದು ಅವರು ಹಣೆ ಚಚ್ಚಿಕೊಂಡರು. ಕೊನೆಗೆ ಮುರಿದ ಹಿಡಿಯನ್ನೇ ಬಾಗಿಲ ಸಂದಿಯಿಂದ ಹೊರಗೆ ತಳ್ಳಿದರು. ಟಕ ಟಕ ನಿಂತಿತು.

"ಅಯ್ಯೋ ದೇವರೇ! ಇದನ್ನ ಮೊದಲೇ ಹೇಳ್ಬಾರ್ದಾ?"

ಬೀದಿ ಕೊನೆಯ ಬಡಗಿ ಬಂದು ಬಾಗಿಲು ಕಳಚುವಾಗ ಐದಕ್ಕೆ ನಾಲ್ಕೇ ನಿಮಿಷ! ಮೈತುಂಬ ಜೇಡರ ಬಲೆ ಹೊತ್ತ ಕಥೆಗಾರರು ಓಡಿಬಂದು, ತಿದ್ದಲು ಪುರುಸೊತ್ತಿಲ್ಲದೆ, ಕಂಪ್ಯೂಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಕಳಿಸಿಬಿಟ್ಟರು.

ಮೂರನೇ ದಿನ ಉತ್ತರ ಬಂತು. ಅವರು ಎದೆಯುಬ್ಬಿಸಿ ಗಟ್ಟಿಯಾಗಿ ಓದತೊಡಗಿದರು: "ಮಾತುಗಳು ಜೀವಂತವಾಗಿವೆ. ಅಭಿನಂದನೆಗಳು!"

ಹೆಂಡತಿ ಚಪ್ಪಾಳೆ ತಟ್ಟಿದಳು. ಕಥೆಗಾರರ ದನಿ ಅಲ್ಲಿಂದ ಮುಂದೆ ಇಳಿಯುತ್ತಾ ಹೋಯಿತು.

"ಆದರೆ ನಾಯಕನ ಪಾತ್ರ ನಂಬುವಂತಿಲ್ಲ. ತಾನೇ ಚಿಲಕ ಹಾಕಿಕೊಂಡು, ತಾನೇ ಸಿಕ್ಕಿಬಿದ್ದು, ಜಿರಳೆಗೆ ಹೆದರಿ ಹೆಂಡತಿಯನ್ನು ಕೂಗುವಷ್ಟು ಪೆದ್ದ ಮನುಷ್ಯ ಭೂಮಿಯ ಮೇಲೆ ಇರಲಾರ. ಆದ್ದರಿಂದ ವಿಷಾದಪೂರ್ವಕವಾಗಿ ಹಿಂದಿರುಗಿಸಿದ್ದೇವೆ."

ಕಥೆಗಾರರು ಕುರ್ಚಿಯಲ್ಲಿ ಕುಸಿದರು. ಹೆಂಡತಿ ಮೆಲ್ಲಗೆ ಪಕ್ಕಕ್ಕೆ ಬಂದು ಭುಜದ ಮೇಲೆ ಕೈಯಿಟ್ಟಳು.

"ಬೇಜಾರು ಮಾಡ್ಕೋಬೇಡಿ. ಇದ್ದಾನೆ ಅಂತ ನಾನೇ ಒಂದು ಕಾಗದ ಬರೆದು ಸಹಿ ಹಾಕಿ ಕಳಿಸ್ಲಾ?"