ಪಾಪಯ್ಯನವರ ಬಾಯ್ಲರ್ ಚಿಕಿತ್ಸೆ

ದೊಡ್ಡಬಳ್ಳಾಪುರದ ಮಗ್ಗದ ಕೇರಿಯಲ್ಲಿ ಬಚ್ಚಲಿಗೆ ಬಾಯ್ಲರ್ ತಂದ ಮೊದಲ ಗೃಹಸ್ಥರೆಂದರೆ ಪಾಪಯ್ಯನವರು. ಯುದ್ಧ ಮುಗಿದು ಬೆಂಗಳೂರು ದಂಡಿನಲ್ಲಿ ಬಿಳಿ ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಸೀರೆ ಮಾರಲು ಅಲ್ಲಿಗೆ ಹೋದವರು ಹರಾಜಿನಲ್ಲಿ ಈ ತಾಮ್ರದ ಸುಂದರಿಗೆ ಮನಸೋತು, ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ನಡುವೆ ಇದ್ದಿಲು ತುಂಬುವ ಕೊಳವೆ, ಸುತ್ತ ನೀರು, ಕೆಳಗೆ ಹಿತ್ತಾಳೆಯ ನಲ್ಲಿ. ದೋಷ ಒಂದೇ. ನೀರು ಕಾದಂತೆಲ್ಲ ಗುಡುಗುಡು ಎಂದು ಶುರುವಾಗಿ, ಯಾರೋ ಒಳಗಿಂದ ಬಾಗಿಲು ಬಡಿದಂತೆ ಢಬ್ ಢಬ್ ಎನ್ನುತ್ತಿತ್ತು.

ಮನೆಯವರೇನೋ ಒಗ್ಗಿಕೊಂಡಿದ್ದರು. ಆದರೆ ಮೊದಲ ದೀಪಾವಳಿಗೆಂದು ಹೊಸ ಅಳಿಯ ನರಸಿಂಹಯ್ಯ ಬಂದಿದ್ದ. ಹಬ್ಬದ ಹಿಂದಿನ ದಿನ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಢಬ್ ಎಂದದ್ದೇ ತಡ, ಚೊಂಬು ಎಸೆದು ಹೊರಗೆ ಹಾರಿದ.

"ಏನಿಲ್ಲ ಅಳಿಯಂದ್ರೇ, ಬಾಯ್ಲರ್ರು ಅಷ್ಟೇ."

"ಸಿಡಿಯಲ್ಲ ತಾನೇ ಮಾವ?"

ಪಾಪಯ್ಯನವರಿಗೆ ಅವಮಾನವಾಯಿತು. ನಾಳೆ ಅಳಿಯ ಎಣ್ಣೆಸ್ನಾನಕ್ಕೇ ಹೆದರಿ ಊರಿಗೆ ಹೊರಟರೆ ಬೀಗರಿಗೆ ಏನೆನ್ನುವುದು? ಹಂಡೆಯೊಂದನ್ನೇ ನಂಬಿದ್ದ ಪಕ್ಕದ ಮನೆಯ ಕೋದಂಡರಾಮಯ್ಯ ಆಗಲೇ ಗೋಡೆಯಾಚೆಯಿಂದ ಇಣುಕಿ ನಗುತ್ತಿದ್ದರು. ಪಾಪಯ್ಯ ಪಂಚೆ ಎತ್ತಿ ಕಟ್ಟಿದರು.

"ರೀ, ಅದರ ಪಾಡಿಗೆ ಅದನ್ನ ಬಿಡ್ರೀ," ಎಂದರು ಹೆಂಡತಿ ಬನಶಂಕರಮ್ಮ. "ಬಡ್ಕೊಂಡ್ರೂ ನೀರು ಕಾಯಿಸ್ತದಲ್ಲ!"

"ರೋಗ ಗೊತ್ತಾದ್ಮೇಲೆ ಔಷಧಿ ಎಷ್ಟೊತ್ತು ಕಣೇ?" (ರೋಗ ಇನ್ನೂ ಗೊತ್ತಾಗಿರಲಿಲ್ಲ.)

ಬಾಯ್ಲರಿನ ಕಾಲು ಕುಂಟುತ್ತಿದೆಯೆಂದು ಅಡಿಗೆ ಇಟ್ಟಿಗೆಚೂರು ಕೊಟ್ಟರು. ಸದ್ದು ನಿಲ್ಲಲಿಲ್ಲ. ಮುಚ್ಚಳ ಕುಣಿಯುತ್ತಿದೆಯೆಂದು ಅದರ ಮೇಲೆ ಗುಂಡುಕಲ್ಲು ಹೇರಿದರು. ಢಬ್ ಢಬ್ ಜೊತೆಗೆ ಸೀಟಿಯೂ ಸೇರಿತು. ಕೊನೆಗೆ ಬೆಂಕಿ ಆರಿಸಿ, ನೀರು ಚೆಲ್ಲಿ ಒಳಗೆ ಕೈಹಾಕಿದರೆ, ಬಾವಿಯ ಗಡಸು ನೀರಿನ ಸುಣ್ಣ ಗೋಡೆಯ ಗಾರೆಯಂತೆ ಕಟ್ಟಿಕೊಂಡಿತ್ತು!

"ಸಿಕ್ಕಿಬಿದ್ದ ಕಳ್ಳ!" ಎಂದು ಅಡುಗೆಮನೆಗೆ ನುಗ್ಗಿ, ಹಬ್ಬದ ಪುಳಿಯೋಗರೆಗೆ ಇಟ್ಟಿದ್ದ ಹುಣಸೆಹಣ್ಣನ್ನೆಲ್ಲ ಉಪ್ಪಿನೊಡನೆ ಬಾಯ್ಲರಿಗೆ ನೈವೇದ್ಯ ಮಾಡಿದರು. ಸಂಜೆಯವರೆಗೆ ನೆನೆಸಿ, ಕೆರೆದು, ಕುಲುಕಿ, ಹಕ್ಕಳೆ ಹಕ್ಕಳೆಯಾಗಿ ಸುಣ್ಣ ಉದುರಿಸಿದರು.

ಹಬ್ಬದ ಮುಂಜಾನೆ ನೀರು ತುಂಬಿ ಇದ್ದಿಲು ಹೊತ್ತಿಸಿದರು. ಸದ್ದಿಲ್ಲ. ಗುಡುಗುಡು ಇಲ್ಲ, ಢಬ್ ಇಲ್ಲ. ಪಾಪಯ್ಯನವರ ಎದೆ ಉಬ್ಬಿತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿದರು. ಬನಶಂಕರಮ್ಮ ನಲ್ಲಿ ತಿರುಗಿಸಿದರು. ತಣ್ಣನೆಯ ನೀರು ಒಂದು ಎಳೆ ಬಂತು, ಆಮೇಲೆ ಅದೂ ನಿಂತಿತು.

ಪಾಪಯ್ಯ ಮುಚ್ಚಳ ತೆಗೆದು ನೋಡಿದರು. ಹಳೆಯ ತಾಮ್ರದ ತೂತುಗಳನ್ನೆಲ್ಲ ಇಷ್ಟು ದಿನ ಮುಚ್ಚಿಕೊಂಡಿದ್ದುದು ಆ ಸುಣ್ಣವೇ! ನೀರೆಲ್ಲ ಕೊಳವೆಗೆ ಸೋರಿ, ಕೆಂಡ ನಂದಿಸಿ, ಬಚ್ಚಲ ಮೋರಿ ಸೇರಿತ್ತು. ನೀರೇ ಇಲ್ಲದಿದ್ದರೆ ಸದ್ದು ಎಲ್ಲಿಂದ ಬರಬೇಕು?

"ಮಾವ, ಕಣ್ಣಿಗೆ ಎಣ್ಣೆ ಇಳೀತಿದೆ..."

ಬನಶಂಕರಮ್ಮ ಗಂಡನ ಮುಖ ನೋಡದೆ, ಅಳಿಯನಿಗೆ ಹಂಡೆಯ ಬಿಸಿನೀರು ಕೇಳಿ ಗೋಡೆಯಾಚೆಗೆ ಕೂಗಿದರು. ನರಸಿಂಹಯ್ಯ ಸೊಂಟಕ್ಕೆ ಟವೆಲು ಸುತ್ತಿ, ಎಣ್ಣೆ ತೊಟ್ಟಿಕ್ಕಿಸುತ್ತ ಪಕ್ಕದ ಮನೆಗೆಂದು ಬೀದಿಗಿಳಿದ. ಕೇರಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು.

ಬಹಳ ಹೊತ್ತಿನ ಮೇಲೆ ಅವನು ಕೆಂಪಗೆ ಮಿಂಚುತ್ತ ಹಿಂದಿರುಗಿದ. ಬೆನ್ನುಜ್ಜಿದ್ದು ಕೋದಂಡರಾಮಯ್ಯ, ಕಜ್ಜಾಯ ತಿನ್ನಿಸಿದ್ದು ಅವರ ತಾಯಿ, ಮೈಮೇಲಿನ ಹೊಸ ಪಂಚೆಯೂ ಆ ಮನೆಯದೇ.

"ನಂಗೂ ಒಂದು ಕೊಳಗ ಬಿಸಿನೀರು..." ಎಂದು ಪಾಪಯ್ಯ ಗೋಡೆಯ ಬಳಿ ಹಲ್ಲು ಗಿಂಜಿದರು.

"ಹಂಡೆ ತಳ ಕಾಣಿಸ್ತು ಪಾಪಯ್ಯ! ನಿಮ್ಮಳಿಯಂದ್ರು ಭಾಳ ಚೆನ್ನಾಗಿ ಸ್ನಾನ ಮಾಡ್ತಾರೆ."

ಯಜಮಾನರ ಸ್ನಾನವಾಗದೆ ಪೂಜೆಯಿಲ್ಲ, ಪೂಜೆಯಾಗದೆ ಊಟವಿಲ್ಲ. ಪಾಪಯ್ಯ ಬಾವಿಯಿಂದ ಸೇದಿದ ನೀರು ಹೊತ್ತು ಬಚ್ಚಲು ಹೊಕ್ಕರು. ಚಳಿ ಸೂಜಿಯಂತೆ ಚುಚ್ಚುತ್ತಿತ್ತು. ಕಣ್ಣು ಮುಚ್ಚಿ ಮೊದಲ ಚೊಂಬು ಸುರಿದುಕೊಂಡರು.

"ಹೂಹೂಹೂ! ಅಯ್ಯಯ್ಯಯ್ಯೋ!" ಕುಣಿದ ಕಾಲು ಕೊಳಗಕ್ಕೆ ತಗುಲಿ ಢಬ್ ಎಂದಿತು.

ನಡುಮನೆಯಲ್ಲಿ ಅಳಿಯ ಎದ್ದು ನಿಂತ. "ಅತ್ತೆ, ಬಾಯ್ಲರ್ ಮತ್ತೆ ಶುರು ಮಾಡ್ತು!"

"ಕೂತ್ಕೊಳ್ಳಿ ಅಳಿಯಂದ್ರೇ," ಎಂದರು ಬನಶಂಕರಮ್ಮ, ಹೂರಣ ರುಬ್ಬುತ್ತಲೇ. "ಅದು ನಿಮ್ಮ ಮಾವ."